ಬೀದರಿನ ಕೊನೆಯ ಬಹಮನಿ ಸುಲ್ತಾನರು

ದಖ್ಖನಿನ ಬಹಮನಿ ರಾಜ್ಯ 1347ರಲ್ಲಿ ಹುಟ್ಟಿ ಕಲಬುರಗಿಯಲ್ಲಿ ಬೇರೂರಿತು, ಬೀದರಿನಲ್ಲಿ ಏಳಿಗೆಯ ತುದಿ ಮುಟ್ಟಿತು, ಬೀದರಿನಲ್ಲೇ ಅಳಿಯಿತು. ಅಲಾವುದ್ದೀನ್ ಹಸನ್ ಬಹಮನ್ ಶಾಹನಿಂದ ಕಲೀಮುಲ್ಲಾನವರೆಗೆ ಹದಿನೆಂಟು ಸುಲ್ತಾನರು ಆಳಿದರು. ಕೊನೆಯ ಐವರ ಕಾಲ 1482ರಿಂದ 1538ರವರೆಗಿನ ಐವತ್ತಾರು ವರ್ಷ. ಈ ಐವರಲ್ಲಿ ಯಾರೊಬ್ಬರೂ ಸ್ವಂತ ಬಲದಿಂದ ಆಳಲಿಲ್ಲ. ಗದ್ದುಗೆ ಅವರದು, ಅಧಿಕಾರ ಅಮೀರರದು ಎಂಬ ಸ್ಥಿತಿ ನೆಲೆಗೊಂಡು, ಕಡೆಗೆ ಗದ್ದುಗೆಯೂ ಉಳಿಯಲಿಲ್ಲ.

ರಾಜಧಾನಿಯ ವೈಭವ

ಒಂಬತ್ತನೆಯ ಸುಲ್ತಾನ ಅಹ್ಮದ್ ಶಾಹ ವಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಕೆಂಪು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿ, ಕೋಟೆ ಕಟ್ಟಲು ಒದಗಿದ ಕಡಿದಾದ ಅಂಚು, ರಾಜ್ಯದ ನಡುವಿನ ಜಾಗ, ಇವೆಲ್ಲ ಬೀದರಿಗೆ ಅನುಕೂಲವಾಗಿದ್ದವು. ಅವನ ಕಾಲದಲ್ಲಿ ಕೋಟೆ ಹೊಸ ರೂಪ ಪಡೆಯಿತು, ಬಂಡೆಯನ್ನೇ ಕಡಿದು ಕಂದಕ ತೋಡಲಾಯಿತು. 1436ರಲ್ಲಿ ತೀರಿಕೊಂಡ ಅಹ್ಮದ್ ಶಾಹನ ಗೋರಿ ನಗರದ ಪೂರ್ವಕ್ಕಿರುವ ಅಷ್ಟೂರಿನಲ್ಲಿದೆ. ಅದರ ಗುಮ್ಮಟದ ಒಳಮೈ ಬಣ್ಣದ ಚಿತ್ತಾರಗಳಿಂದ ತುಂಬಿದೆ. ಜನ ಅವನನ್ನು ವಲಿಯೆಂದೂ ಅಲ್ಲಮಪ್ರಭುವೆಂದೂ ನಂಬಿ ನಡೆದುಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ನಡೆಯುವ ಉರುಸಿಗೆ ಜಂಗಮರು ಬಂದು ಮುಂದೆ ನಿಲ್ಲುವ ಪದ್ಧತಿ ಇಂದಿಗೂ ಇದೆ.

ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಬೀದರಿನಲ್ಲಿ ತಂಗಿದ್ದ. ಅವನು ಬರೆದಿಟ್ಟಂತೆ ಸುಲ್ತಾನನ ಅರಮನೆಗೆ ಏಳು ಬಾಗಿಲು. ಒಂದೊಂದು ಬಾಗಿಲಲ್ಲೂ ನೂರು ಮಂದಿ ಕಾವಲುಗಾರರು, ನೂರು ಮಂದಿ ಕರಣಿಕರು. ಕರಣಿಕರಲ್ಲಿ ಕೆಲವರು ಒಳಹೋಗುವವರ ಹೆಸರು ಬರೆದರೆ ಕೆಲವರು ಹೊರಬರುವವರ ಹೆಸರು ಬರೆಯುತ್ತಿದ್ದರು. ಆಳಂದದ ಜಾತ್ರೆಗೆ ಇಪ್ಪತ್ತು ಸಾವಿರದಷ್ಟು ಕುದುರೆ ಮಾರಾಟಕ್ಕೆ ಬರುತ್ತಿದ್ದವೆಂದೂ ಅವನು ಬರೆದಿದ್ದಾನೆ. ಅಮೀರರ ಸಿರಿ ಹೇಳತೀರದು, ಹಳ್ಳಿಯ ಜನರ ಬಡತನ ನೋಡಲಾಗದು ಎಂಬುದೂ ಅವನ ಕಣ್ಣಿಗೆ ಬಿದ್ದಿತ್ತು. ಈ ಅಂತರವನ್ನು ಗುರುತಿಸಿದ್ದರಿಂದಲೇ ಅವನ ಬರಹಕ್ಕೆ ಇಷ್ಟು ಬೆಲೆ.

ಗವಾನನ ಕೊಲೆ

ಬಹಮನಿ ಆಸ್ಥಾನದಲ್ಲಿ ಎರಡು ಬಣಗಳಿದ್ದವು. ಹಲವು ತಲೆಮಾರಿನಿಂದ ಇಲ್ಲೇ ನೆಲೆಸಿದ ಮುಸಲ್ಮಾನರು ದಖ್ಖನಿಗಳು. ಆಫ್ರಿಕಾ ಮೂಲದ ಹಬಸಿಗಳು ಸಾಮಾನ್ಯವಾಗಿ ಇವರ ಜೊತೆಗಿದ್ದರು. ಇರಾನ್, ಇರಾಕ್, ಮಧ್ಯ ಏಷ್ಯಾಗಳಿಂದ ಹೊಸದಾಗಿ ಬಂದವರು ಅಫಾಕಿಗಳು, ಅಂದರೆ ಪರದೇಶಿಗಳು. ಹುದ್ದೆ, ಜಹಗೀರು, ಸುಲ್ತಾನನ ಕೃಪೆ ಎಲ್ಲಕ್ಕೂ ಇವರಲ್ಲಿ ಪೈಪೋಟಿ. ಈ ಜಗಳವನ್ನು ಹತೋಟಿಯಲ್ಲಿಟ್ಟವನು ವಜೀರ ಮಹಮೂದ್ ಗವಾನ್. ಇರಾನಿನ ಗೀಲಾನಿನಿಂದ 1453ರಲ್ಲಿ ವ್ಯಾಪಾರಿಯಾಗಿ ಬೀದರಿಗೆ ಬಂದ ಅವನು ಮೂರನೆಯ ಮುಹಮ್ಮದ್ ಶಾಹನ ಕಾಲದಲ್ಲಿ ರಾಜ್ಯದ ಚುಕ್ಕಾಣಿ ಹಿಡಿದ. ಗೋವೆಯನ್ನು ಗೆದ್ದುಕೊಟ್ಟ. 1472ರಲ್ಲಿ ಬೀದರಿನ ಮದರಸಾ ಕಟ್ಟಿಸಿದ. ಸ್ವತಃ ಅಫಾಕಿಯಾದರೂ ಎರಡೂ ಬಣಗಳಿಗೆ ಹುದ್ದೆಗಳನ್ನು ಸರಿಸಮನಾಗಿ ಹಂಚಿದ.

ಅವನ ಆಡಳಿತ ಸುಧಾರಣೆಯೇ ಅವನಿಗೆ ಮುಳುವಾಯಿತು. ರಾಜ್ಯದಲ್ಲಿ ಅದುವರೆಗೆ ನಾಲ್ಕೇ ತರಫ್‌ಗಳು, ಅಂದರೆ ಪ್ರಾಂತಗಳು, ಇದ್ದವು. ಒಂದೊಂದು ತರಫಿನ ಅಧಿಪತಿಯೂ ಚಿಕ್ಕ ರಾಜನಂತೆ ಬೆಳೆದಿದ್ದ. ಗವಾನ್ ನಾಲ್ಕನ್ನು ಎಂಟು ಮಾಡಿದ. ತರಫದಾರನ ಕೈಗೆ ಒಂದೇ ಕೋಟೆ ಬಿಟ್ಟು ಉಳಿದ ಕೋಟೆಗಳಿಗೆ ಸುಲ್ತಾನನೇ ಕಿಲ್ಲೇದಾರರನ್ನು ನೇಮಿಸುವಂತೆ ಮಾಡಿದ. ಜಮೀನು ಅಳತೆ ಮಾಡಿಸಿದ. ಅಧಿಕಾರ ಕುಗ್ಗಿದ ಅಮೀರರು, ಅವರಲ್ಲೂ ದಖ್ಖನಿಗಳ ಮುಂದಾಳು ನಿಜಾಮ್ ಉಲ್ ಮುಲ್ಕ್ ಮಲಿಕ್ ಹಸನನ ಕಡೆಯವರು, ಸಂಚು ಹೂಡಿದರು. ಗವಾನನ ಮುದ್ರೆ ಕಾಯುತ್ತಿದ್ದ ಆಳನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಮೊಹರು ಒತ್ತಿಸಿದರು. ಅದರ ಮೇಲೆ ಒರಿಸ್ಸಾದ ಗಜಪತಿ ರಾಜನಿಗೆ ದಂಡೆತ್ತಿ ಬರಲು ಕರೆ ಕೊಡುವ ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. ಕುಡಿತದ ಅಮಲಿನಲ್ಲಿದ್ದ ಸುಲ್ತಾನ ವಿಚಾರಣೆಯನ್ನೇ ಮಾಡಲಿಲ್ಲ. 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯಲ್ಲಿ ಎಪ್ಪತ್ತು ದಾಟಿದ ವಜೀರನ ತಲೆ ಉರುಳಿತು.

ಅಪಾರ ಸಂಪತ್ತು ಸಿಕ್ಕೀತೆಂದು ಸುಲ್ತಾನ ಅವನ ಭಂಡಾರ ತೆರೆಸಿದಾಗ ಅಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಗಳಿಕೆಯನ್ನೆಲ್ಲ ದಾನಧರ್ಮಕ್ಕೆ ಸುರಿದು, ಮಣ್ಣಿನ ಮಡಕೆಯಲ್ಲಿ ಬೇಯಿಸಿದ್ದನ್ನು ಉಂಡು, ಚಾಪೆಯ ಮೇಲೆ ಮಲಗುತ್ತಿದ್ದ ಮನುಷ್ಯ ಅವನು ಎಂದು ಚರಿತ್ರೆಕಾರ ಫರಿಷ್ತಾ ಬರೆದಿದ್ದಾನೆ. ಮೋಸ ತಿಳಿದು ಸುಲ್ತಾನ ಪಶ್ಚಾತ್ತಾಪಪಟ್ಟರೂ ಕಾಲ ಮಿಂಚಿತ್ತು. ಗವಾನನ ಆಪ್ತನಾದ ಯೂಸುಫ್ ಆದಿಲ್ ಖಾನನಂಥ ಸರದಾರರು ಸುಲ್ತಾನನ ಬಿಡಾರದಿಂದ ದೂರದಲ್ಲೇ ಡೇರೆ ಹಾಕಿಕೊಂಡರು, ಹತ್ತಿರ ಬರಲು ಒಪ್ಪಲಿಲ್ಲ. ಆ ಡೇರೆಗಳ ನಡುವಿನ ಅಂತರ ಮುಂದೆ ರಾಜ್ಯದ ಗಡಿಗಳಾಗಿ ಮಾರ್ಪಟ್ಟಿತು. ಮರುವರ್ಷವೇ ಮುಹಮ್ಮದ್ ಶಾಹ ಸತ್ತ.

ಮಹಮೂದ್ ಶಾಹ: ಹೆಸರಿಗಷ್ಟೇ ಸುಲ್ತಾನ

1482ರಲ್ಲಿ ಪಟ್ಟಕ್ಕೆ ಬಂದ ಮಹಮೂದ್ ಶಾಹನಿಗೆ ಹನ್ನೆರಡು ವರ್ಷ. ಆಡಳಿತ ಮಲಿಕ್ ಹಸನನ ಕೈಗೆ ಹೋಯಿತು. ನಾಲ್ಕು ವರ್ಷದೊಳಗೆ ಅವನೂ ಕೊಲೆಯಾದ. 1487ರಲ್ಲಿ ದಖ್ಖನಿ ಮತ್ತು ಹಬಸಿ ಬಣದವರು ಬೀದರ ಕೋಟೆಯೊಳಗೆ ನುಗ್ಗಿ ಸುಲ್ತಾನನನ್ನೇ ಕೊಲ್ಲಲು ನೋಡಿದರು. ಅಫಾಕಿ ಕಾವಲು ಪಡೆ ಅವನ ಜೀವ ಉಳಿಸಿತು. ಅದಕ್ಕೆ ಪ್ರತಿಯಾಗಿ ನಗರದಲ್ಲಿ ಮೂರು ದಿನ ದಖ್ಖನಿಗಳ ಮಾರಣಹೋಮ ನಡೆಯಿತು. ಅಂದಿನಿಂದ ಸುಲ್ತಾನ ಆಡಳಿತದ ಕಡೆ ತಿರುಗಿ ನೋಡದೆ ವಿಲಾಸದಲ್ಲಿ ಮುಳುಗಿದ. ತೆಲಂಗಾಣದಿಂದ ಬಂದು ತಲೆಮಾರುಗಳ ಕಾಲ ಬಹಮನಿಗಳ ಹೆಮ್ಮೆಯಾಗಿದ್ದ ಫಿರೋಜಾ ಸಿಂಹಾಸನವನ್ನು ಇವನ ಕಾಲದಲ್ಲೇ ಬಿಡಿಬಿಡಿಯಾಗಿ ಒಡೆದು ಬಟ್ಟಲು, ಹೂಜಿಗಳಿಗೆ ಬಳಸಲಾಯಿತೆಂದು ಫರಿಷ್ತಾ ಹೇಳುತ್ತಾನೆ.

ದೂರದ ಪ್ರಾಂತಗಳು ಕೈಬಿಡಲು ತಡವಾಗಲಿಲ್ಲ. 1490ರಲ್ಲಿ ಮಲಿಕ್ ಹಸನನ ಮಗ ಮಲಿಕ್ ಅಹ್ಮದ್ ಬಹಮನಿ ಸೈನ್ಯವನ್ನು ಸೋಲಿಸಿ ನಿಜಾಮಶಾಹಿಗೆ ತಳಹದಿ ಹಾಕಿದ. ಆ ಹೊತ್ತಿಗೇ ವಿಜಯಪುರದಲ್ಲಿ ಯೂಸುಫ್ ಆದಿಲ್ ಖಾನ, ಬೇರಾರಿನಲ್ಲಿ ಫತಹುಲ್ಲಾ ಇಮಾದ್ ಉಲ್ ಮುಲ್ಕ್ ಸ್ವತಂತ್ರರಂತೆ ನಡೆದುಕೊಂಡರು. ಗೋಲ್ಕೊಂಡದ ಸುಲ್ತಾನ್ ಕುಲಿ ಮಾತ್ರ ಬಹುಕಾಲ ನಿಷ್ಠೆ ಉಳಿಸಿಕೊಂಡಿದ್ದು 1518ರ ಸುಮಾರಿಗೆ ಬೇರೆಯಾದ.

ರಾಜಧಾನಿ ಬಿದ್ದದ್ದು ಕಾಸಿಂ ಬರೀದನ ಕೈಗೆ. ಗುಲಾಮನಾಗಿ ದಖ್ಖನಿಗೆ ಬಂದ ಈ ತುರ್ಕ ಸುಂದರ ಅಕ್ಷರ ಬರೆಯುವುದರಲ್ಲೂ ಸಂಗೀತದಲ್ಲೂ ನುರಿತವನಾಗಿದ್ದ. ಕಂಧಾರ, ಔಸಾ, ಉದಗೀರ ಅವನ ಜಹಗೀರು. 1490ರ ದಶಕದ ಆರಂಭಕ್ಕೆ ಅವನು ಸುಲ್ತಾನನ ಪ್ರತಿನಿಧಿಯ ಪದವಿಯನ್ನು ಬಲವಂತವಾಗಿ ಪಡೆದುಕೊಂಡ. 1504ರಲ್ಲಿ ಅವನು ಸತ್ತಾಗ ಆ ಪದವಿ ಆಸ್ತಿಯಂತೆ ಮಗ ಅಮೀರ್ ಬರೀದನಿಗೆ ಹೋಯಿತು. ಸುತ್ತಲಿನ ನಾಲ್ಕು ಬಲಿಷ್ಠ ರಾಜ್ಯಗಳ ನಡುವೆ ಉಪಾಯದಿಂದಲೇ ಬದುಕಿದ ಅಮೀರ್ ಬರೀದನನ್ನು ಸಮಕಾಲೀನರು ದಖ್ಖನಿನ ನರಿಯೆಂದು ಕರೆದರು. ಸುಲ್ತಾನನಿಗೆ ಉಳಿದದ್ದು ಬೀದರ ನಗರ ಮತ್ತು ಸುತ್ತಲಿನ ಸೀಮೆ. ಇಂದು ಗಾಂಧಿ ಗಂಜಿನ ಮಾರುಕಟ್ಟೆಗೆ ತೊಗರಿ, ಉದ್ದು, ಹೆಸರು ತರುವ ಬೀದರ, ಭಾಲ್ಕಿ, ಔರಾದ ಕಡೆಯ ಹಳ್ಳಿಗಳಷ್ಟೇ ಹೆಚ್ಚುಕಡಿಮೆ ಅವನ ಕೊನೆಯ ಆದಾಯದ ನೆಲ. ಒಂದು ಕಾಲಕ್ಕೆ ಅರಬ್ಬಿ ಕಡಲಿನಿಂದ ಬಂಗಾಳ ಕೊಲ್ಲಿಯವರೆಗೆ ಹಬ್ಬಿದ್ದ ರಾಜ್ಯ ಇಷ್ಟಕ್ಕೆ ಇಳಿದಿತ್ತು. ಆ ನೆಲದ ಕಂದಾಯವೂ ಬರೀದನ ಕೈ ದಾಟಿಯೇ ಅರಮನೆ ಸೇರಬೇಕಿತ್ತು.

ಆದರೂ ಸುಲ್ತಾನನ ಹೆಸರು ಎಲ್ಲರಿಗೂ ಬೇಕಿತ್ತು. ಅವನನ್ನು ಕೈವಶ ಮಾಡಿಕೊಂಡವನ ಮಾತಿಗೆ ನ್ಯಾಯಸಮ್ಮತಿಯ ಮುದ್ರೆ ಬೀಳುತ್ತಿತ್ತು. 1509ರಲ್ಲಿ ವಿಜಯನಗರದ ಮೇಲೆ ಹೊರಟ ದಂಡಿನಲ್ಲಿ ಸುಲ್ತಾನನನ್ನೂ ಕರೆದೊಯ್ದರು. ಯುದ್ಧದಲ್ಲಿ ಕುದುರೆಯಿಂದ ಬಿದ್ದು ಅವನು ಗಾಯಗೊಂಡ. 1512ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದು, ಕಲಬುರಗಿ ದಾಟಿ ಬೀದರಿಗೆ ಬಂದು, ಬರೀದನನ್ನು ಸೋಲಿಸಿ ಮಹಮೂದ್ ಶಾಹನನ್ನು ಮತ್ತೆ ಗದ್ದುಗೆಯ ಮೇಲೆ ಕೂರಿಸಿದ. ‘ಯವನರಾಜ್ಯ ಸ್ಥಾಪನಾಚಾರ್ಯ’ ಎಂಬ ಬಿರುದು ತಳೆದ. ಬಲಹೀನ ಸುಲ್ತಾನ ಗದ್ದುಗೆಯಲ್ಲಿದ್ದರೆ ದಖ್ಖನಿನ ಅಮೀರರು ಒಗ್ಗೂಡುವುದಿಲ್ಲ ಎಂಬ ರಾಜನೀತಿಯ ಲೆಕ್ಕ ಇದರ ಹಿಂದಿತ್ತು. ರಾಯನ ಸೈನ್ಯ ಹಿಂತಿರುಗಿದ ಮೇಲೆ ಅಮೀರ್ ಬರೀದ್ ಮತ್ತೆ ಯಜಮಾನನಾದ. ಮೂವತ್ತಾರು ವರ್ಷ ಪಟ್ಟದಲ್ಲಿದ್ದ ಮಹಮೂದ್ ಶಾಹ 1518ರ ಡಿಸೆಂಬರಿನಲ್ಲಿ ತೀರಿಕೊಂಡ.

ಇಪ್ಪತ್ತು ವರ್ಷ, ನಾಲ್ವರು ಸುಲ್ತಾನರು

ಸಿಂಹಾಸನಕ್ಕೆ ತಾನೇ ಏರಿದರೆ ನೆರೆಯ ರಾಜ್ಯಗಳು ಮೇಲೆ ಬೀಳುತ್ತವೆಂಬ ಅಂಜಿಕೆ ಅಮೀರ್ ಬರೀದನಿಗಿತ್ತು. ಹಾಗಾಗಿ ಅವನು ಒಬ್ಬರಾದ ಮೇಲೊಬ್ಬರಂತೆ ಬಹಮನಿ ರಾಜಕುಮಾರರನ್ನು ಕೂರಿಸುತ್ತ ಹೋದ. ನಾಲ್ಕನೆಯ ಅಹ್ಮದ್ ಶಾಹನಿಗೆ ದಿನದ ಖರ್ಚಿಗೆ ಭತ್ಯೆ ಸಿಗುತ್ತಿತ್ತು. ಅದು ಸಾಲದಾದಾಗ ಅವನು ವಂಶದ ಕಿರೀಟವನ್ನೇ ಒಡೆದು ರತ್ನಗಳನ್ನು ಗುಟ್ಟಾಗಿ ಮಾರಿದ. ಅದರ ಬೆಲೆ ನಾಲ್ಕು ಲಕ್ಷ ಹೊನ್ನು ಎಂದು ಫರಿಷ್ತಾ ಬರೆಯುತ್ತಾನೆ. ತಂದೆಯ ಕಾಲದಲ್ಲಿ ಸಿಂಹಾಸನ, ಮಗನ ಕಾಲದಲ್ಲಿ ಕಿರೀಟ, ರಾಜತ್ವದ ಎರಡು ಗುರುತುಗಳೂ ಹೀಗೆ ಇಲ್ಲವಾದವು. ಅಹ್ಮದ್ ಶಾಹ 1520ರಲ್ಲಿ ಸತ್ತ.

ನಂತರ ಬಂದ ಅಲಾವುದ್ದೀನ್ ಶಾಹ ಧೈರ್ಯವಂತ. ಕುಡಿತವನ್ನು ದೂರವಿಟ್ಟು ಬರೀದನಿಂದ ಬಿಡುಗಡೆಯಾಗಲು ದಾರಿ ಹುಡುಕಿದ. ಹೊಸ ಚಂದ್ರ ಕಂಡಾಗ ಶುಭ ಹಾರೈಸಲು ಬರೀದ್ ಅರಮನೆಗೆ ಬರುವ ವಾಡಿಕೆಯಿತ್ತು. ಆ ದಿನ ಒಳಕೋಣೆಯಲ್ಲಿ ಆಯುಧ ಹಿಡಿದವರನ್ನು ಅಡಗಿಸಿಡಲಾಯಿತು. ಬರೀದ್ ಹತ್ತಿರ ಬರುತ್ತಿದ್ದಂತೆ ಅಡಗಿದ್ದವರಲ್ಲಿ ಒಬ್ಬ ಸೀನಿದ. ಅನುಮಾನಗೊಂಡ ಬರೀದ್ ಅಲ್ಲಿಂದಲೇ ಹಿಂದೆ ಸರಿದು ಅರಮನೆಯನ್ನು ಶೋಧಿಸಿದ. ಅಡಗಿದ್ದವರು ಸಿಕ್ಕಿಬಿದ್ದು ಕೊಲೆಯಾದರು, ಸುಲ್ತಾನ ಸೆರೆ ಸೇರಿದ. 1523ರಲ್ಲಿ ಅವನ ಕಥೆ ಮುಗಿಯಿತು. ಫರಿಷ್ತಾ ಹೇಳುವ ಈ ಪ್ರಸಂಗ ಆ ಸಂಚಿನ ಹಿಂದಿದ್ದ ಬಲ ಎಷ್ಟು ಕಡಿಮೆಯೆಂಬುದನ್ನು ತಿಳಿಸುತ್ತದೆ. ಸೈನ್ಯವಿಲ್ಲದ ಸುಲ್ತಾನನಿಗೆ ಕೋಣೆಯಲ್ಲಿ ಅಡಗಿದ ಬೆರಳೆಣಿಕೆಯ ಜನರ ಹೊರತು ಬೇರೆ ಆಸರೆಯಿರಲಿಲ್ಲ.

ವಲೀಉಲ್ಲಾನ ಆಳ್ವಿಕೆ ಮೂರೇ ವರ್ಷದ್ದು. ಅವನೂ ಬಿಡುಗಡೆಗೆ ಯತ್ನಿಸಿ ಅಂತಃಪುರದಲ್ಲೇ ಬಂದಿಯಾದ, 1526ರಲ್ಲಿ ವಿಷಕ್ಕೆ ಬಲಿಯಾದ. ಬಳಿಕ ಪಟ್ಟಕ್ಕೆ ಬಂದ ಕಲೀಮುಲ್ಲಾ ಬಹಮನಿಗಳಲ್ಲಿ ಕೊನೆಯವನು. ಅದೇ ವರ್ಷ ಪಾಣಿಪತ್ತಿನಲ್ಲಿ ಗೆದ್ದ ಬಾಬರನಿಗೆ ಅವನು ಗುಟ್ಟಾಗಿ ದೂತನನ್ನು ಕಳುಹಿಸಿದ. ತನ್ನನ್ನು ಬಂಧನದಿಂದ ಬಿಡಿಸಿದರೆ ದೌಲತಾಬಾದ್, ಬೇರಾರುಗಳನ್ನು ಬಿಟ್ಟುಕೊಡುವುದಾಗಿ ಹೇಳಿಕಳುಹಿಸಿದ. ಆ ಎರಡೂ ಪ್ರದೇಶಗಳು ಅವನ ಕೈಯಲ್ಲಿರಲಿಲ್ಲ. ಬಾಬರನಿಗೆ ಉತ್ತರದಲ್ಲೇ ಕೈತುಂಬ ಯುದ್ಧಗಳಿದ್ದವು. ದಖ್ಖನಿನ ಸುಲ್ತಾನನಿಗೆ ಅಧಿಕಾರವಿಲ್ಲ, ಬೇಕಾದದ್ದನ್ನು ತನ್ನ ಅಮೀರರಲ್ಲಿ ಕೇಳಿ ಪಡೆಯಬೇಕು ಎಂಬ ಸಂಗತಿ ಬಾಬರನ ಆತ್ಮಕಥೆಯಲ್ಲೇ ದಾಖಲಾಗಿದೆ. ನೆರವು ಬರಲಿಲ್ಲ. ಗುಟ್ಟು ಹೊರಬಿದ್ದಾಗ ಕಲೀಮುಲ್ಲಾ ವಿಜಯಪುರಕ್ಕೆ ಓಡಿದ, ಅಲ್ಲಿಯೂ ನಿಲ್ಲಲಾಗದೆ ಅಹ್ಮದನಗರ ಸೇರಿದ. ಅಲ್ಲಿನ ದೊರೆ ಬುರ್ಹಾನ್ ನಿಜಾಮ್ ಶಾಹ ಮೊದಮೊದಲು ಅವನೆದುರು ಕೈಕಟ್ಟಿ ನಿಂತು ಗೌರವಿಸಿದ. ಇದರಿಂದ ತನ್ನ ದೊರೆತನಕ್ಕೇ ಕುಂದೆಂದು ಆಪ್ತರು ಎಚ್ಚರಿಸಿದ ಮೇಲೆ ಆ ಮರ್ಯಾದೆಯೂ ನಿಂತಿತು. 1538ರಲ್ಲಿ ಕಲೀಮುಲ್ಲಾ ಅಲ್ಲಿ ತೀರಿಕೊಂಡ. ದೇಹವನ್ನು ಬೀದರಿಗೆ ತಂದು ಅಷ್ಟೂರಿನಲ್ಲಿ ಮಣ್ಣು ಮಾಡಲಾಯಿತು.

ಬರೀದರ ಕಾಲ ಮತ್ತು ಅಂತ್ಯ

ಬಹಮನಿ ವಂಶ ಅಳಿದ ಮೇಲೂ ಅಮೀರ್ ಬರೀದ್ ಶಾಹ ಎನಿಸಿಕೊಳ್ಳಲಿಲ್ಲ. 1543ರಲ್ಲಿ ಅಧಿಕಾರಕ್ಕೆ ಬಂದ ಅವನ ಮಗ ಅಲಿ ಬರೀದನೇ ಆ ಪದವಿ ಧರಿಸಿದ ಮೊದಲಿಗ. ಕೋಟೆಯೊಳಗಿನ ರಂಗೀನ್ ಮಹಲಿಗೆ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆತ್ತನೆಯೂ ಮರದ ಕುಸುರಿಯೂ ಸೇರಿದ್ದು ಅವನ ಕಾಲದಲ್ಲಿ. 1565ರ ರಕ್ಕಸಗಿ-ತಂಗಡಗಿ ಯುದ್ಧದಲ್ಲಿ ಅವನು ವಿಜಯನಗರದ ವಿರುದ್ಧ ಸುಲ್ತಾನರ ಕೂಟದಲ್ಲಿದ್ದ. ಅವನ ನಂತರದ ಬರೀದರು ದುರ್ಬಲರು. ಬಹಮನಿಗಳಿಗೆ ಬರೀದರು ಮಾಡಿದ್ದನ್ನೇ ಬರೀದರಿಗೆ ನೆರೆಯವರು ಮಾಡಿದರು. 1619ರಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹ ಬೀದರನ್ನು ವಿಜಯಪುರಕ್ಕೆ ಸೇರಿಸಿಕೊಂಡು ಕೊನೆಯ ಬರೀದನನ್ನು ಸೆರೆಯಾಳಾಗಿ ಒಯ್ದ. 1657ರಲ್ಲಿ ಔರಂಗಜೇಬ್ ಮುತ್ತಿಗೆ ಹಾಕಿ ಕೋಟೆ ಹಿಡಿದಾಗ ನಗರ ಮೊಗಲರ ಪಾಲಾಯಿತು, ಮುಂದೆ ಹೈದರಾಬಾದಿನ ನಿಜಾಮರದಾಯಿತು.

ಈ ಪತನಕ್ಕೆ ಒಂದೇ ಯುದ್ಧವನ್ನಾಗಲಿ ಒಬ್ಬ ಶತ್ರುವನ್ನಾಗಲಿ ಕಾರಣವೆಂದು ತೋರಿಸಲಾಗದು. ವಿಜಯನಗರ ಹಲವು ಬಾರಿ ಗೆದ್ದರೂ ಬೀದರನ್ನು ತನ್ನದಾಗಿಸಿಕೊಳ್ಳಲಿಲ್ಲ. ಬಣಗಳ ದ್ವೇಷ, ಬಾಲ್ಯದಲ್ಲೇ ಪಟ್ಟಕ್ಕೇರಿದ ದೊರೆ, ತರಫದಾರರ ಸ್ವಾರ್ಥ, ಎಲ್ಲಕ್ಕೂ ಮಿಗಿಲಾಗಿ ಅವುಗಳನ್ನು ತಡೆದು ನಿಲ್ಲಿಸಿದ್ದ ಒಬ್ಬನೇ ಆಡಳಿತಗಾರನ ಅನ್ಯಾಯದ ಕೊಲೆ, ಇವು ರಾಜ್ಯವನ್ನು ಒಳಗಿನಿಂದ ಮುರಿದವು. ಅಷ್ಟೂರಿನಲ್ಲಿ ಸಾಲಾಗಿ ನಿಂತ ಗೋರಿಗಳಲ್ಲಿ ಅದರ ದಾಖಲೆ ಇದೆ. ಅಹ್ಮದ್ ಶಾಹ ವಲಿಯ ಎತ್ತರದ ಗುಮ್ಮಟದಿಂದ ಹೊರಟು ವಲೀಉಲ್ಲಾ, ಕಲೀಮುಲ್ಲಾರ ಚಿಕ್ಕ ಕಟ್ಟಡಗಳವರೆಗೆ ಬಂದರೆ ವಂಶದ ಇಳಿಕೆ ಕಣ್ಣಳತೆಗೇ ಸಿಗುತ್ತದೆ. 1619ರ ನಂತರ ಬೀದರ ಮತ್ತೆಂದೂ ಸ್ವತಂತ್ರ ರಾಜ್ಯದ ರಾಜಧಾನಿಯಾಗಲಿಲ್ಲ.