ಮೊದಲು ಅಂಗಡಿ ತೆರೆದವರು

ಕೃಷ್ಣೆಯ ದಂಡೆಯ ನಮ್ಮ ಗಲಗಲಿಗೂ ಈಗ ಆನ್‌ಲೈನ್ ಅಂಗಡಿಯ ಪೊಟ್ಟಣಗಳು ಬರುತ್ತವೆ. ಈ ವ್ಯಾಪಾರ ನಮ್ಮ ದೇಶದಲ್ಲಿ ಫ್ಲಿಪ್‌ಕಾರ್ಟಿನಿಂದಲೇ ಆರಂಭವಾಯಿತೆಂದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ನಂಬಿದಂತಿದೆ. ಇತಿಹಾಸ ಕಲಿಸಿದವನು ಇದನ್ನು ಕೇಳಿ ಸುಮ್ಮನಿರಲಾರ. ಫ್ಲಿಪ್‌ಕಾರ್ಟ್ ಹುಟ್ಟಿದ್ದು 2007ರಲ್ಲಿ. ಅದಕ್ಕೂ ಎಂಟು ವರ್ಷ ಮೊದಲು, 1999ರಲ್ಲಿ, ಅದೇ ಬೆಂಗಳೂರಿನಲ್ಲಿ ಕೆ. ವೈತೀಶ್ವರನ್, ವಿ. ಎಸ್. ಸುಧಾಕರ್, ಹರಿ ಮೆನನ್ ಮೊದಲಾದ ಆರು ಮಂದಿ ಕೂಡಿ ‘ಫ್ಯಾಬ್‌ಮಾರ್ಟ್’ ಎಂಬ ಅಂಗಡಿಯನ್ನು ಅಂತರ್ಜಾಲದಲ್ಲಿ ತೆರೆದಿದ್ದರು.

ಆ ಕಾಲ ಎಂಥದೆಂದು ಕಿರಿಯರಿಗೆ ಹೇಳಬೇಕು. ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದೇ 1995ರ ಆಗಸ್ಟ್ 15ರಂದು. ಟೆಲಿಫೋನ್ ತಂತಿಯ ಮೂಲಕವೇ ಸಂಪರ್ಕ ಪಡೆಯಬೇಕು; ಅದು ಸಿಕ್ಕಿತೆಂದರೆ ಅಷ್ಟು ಹೊತ್ತು ಮನೆಗೆ ಬೇರೆ ಕರೆ ಬರುವಂತಿಲ್ಲ. ಕ್ರೆಡಿಟ್ ಕಾರ್ಡು ಇದ್ದವರು ವಿರಳ. ಇದ್ದವರೂ ಅದರ ಸಂಖ್ಯೆಯನ್ನು ಗಣಕಯಂತ್ರದಲ್ಲಿ ಒತ್ತಲು ಅಂಜುತ್ತಿದ್ದರು. ಸೀರೆಯ ಸೆರಗನ್ನು ಮುಟ್ಟದೆ, ಜೋಳವನ್ನು ಅಂಗೈಯಲ್ಲಿ ಹಿಡಿದು ನೋಡದೆ ದುಡ್ಡು ಬಿಚ್ಚದ ಜನ ನಾವು. ಅಂಥವರಿಗೆ ಕಣ್ಣಿಗೆ ಕಾಣದ ಅಂಗಡಿಯ ಮೇಲೆ ನಂಬಿಕೆ ಹುಟ್ಟಿಸುವುದು ಸಣ್ಣ ಕೆಲಸವೇ? ಅವರು ಮೊದಲು ಮಾರಿದ್ದು ಸಂಗೀತವನ್ನು. ಎಲ್ಲಿ ಕೊಂಡರೂ ಒಂದೇ ಆಗಿರುವ ಸರಕದು. ಬಳಿಕ ಪುಸ್ತಕಗಳು ಬಂದವು, ದಿನಸಿಯೂ ಬಂದಿತು.

ಅಷ್ಟರಲ್ಲಿ, 2000ರಲ್ಲಿ, ಅಮೆರಿಕದ ಡಾಟ್‌ಕಾಮ್ ಗುಳ್ಳೆ ಒಡೆಯಿತು. ಇಲ್ಲಿಯೂ ಬಂಡವಾಳ ಬತ್ತಿತು. ‘ಫ್ಯಾಬ್‌ಮಾಲ್’ ಎಂಬ ಹೆಸರಿನಲ್ಲಿ ಅವರು ತೆರೆದ ಕಟ್ಟಡದ ಅಂಗಡಿಗಳು ಮುಂದೆ ಆದಿತ್ಯ ಬಿರ್ಲಾ ಸಮೂಹದ ‘ಮೋರ್’ ಮಳಿಗೆಗಳಲ್ಲಿ ಸೇರಿಹೋದವು. ಅಂತರ್ಜಾಲದ ವ್ಯಾಪಾರವನ್ನು ಮಾತ್ರ ವೈತೀಶ್ವರನ್ ಬಿಡಲಿಲ್ಲ. ‘ಇಂಡಿಯಾಪ್ಲಾಜಾ’ ಎಂಬ ಹೆಸರಿನಿಂದ ಅದನ್ನು ಮುಂದುವರಿಸಿದರು.

ಹೊಸಬರು ಹೂಡಿಕೆದಾರರ ಹಣದ ಬಲದಿಂದ ಭಾರಿ ರಿಯಾಯಿತಿಯಲ್ಲಿ ಮಾರತೊಡಗಿದಾಗ ಇವರ ಕಷ್ಟ ಹೆಚ್ಚಿತು. ನಷ್ಟಕ್ಕೆ ಮಾರಿ ಗಿರಾಕಿಯನ್ನು ಸೆಳೆಯುವ ಪದ್ಧತಿಯನ್ನು ವೈತೀಶ್ವರನ್ ಒಪ್ಪುತ್ತಿರಲಿಲ್ಲ. ನಮ್ಮ ಪೇಟೆಯ ಹಳೆಯ ಕಿರಾಣಿ ವ್ಯಾಪಾರಿಯೂ ಅದನ್ನು ಒಪ್ಪುತ್ತಿರಲಿಲ್ಲವೆಂದು ತೋರುತ್ತದೆ. ಆದರೆ ಕಾಲ ಒಪ್ಪಿತು. 2011ರಲ್ಲಿ ಇಂಡಿಯಾಪ್ಲಾಜಾಕ್ಕೆ ಸ್ವಲ್ಪ ಬಂಡವಾಳ ಬಂದಿತು, ಮುಂದಿನದು ಬರಲಿಲ್ಲ. 2013ರಲ್ಲಿ ಅದು ಬಾಗಿಲು ಮುಚ್ಚಿತು. ಸರಕು ಕೊಟ್ಟವರ ಹಣ ಬಾಕಿ ಉಳಿಯಿತು; ಅವರು ಪ್ರತಿಭಟಿಸಿದರು.

ರಬಕವಿ-ಬನಹಟ್ಟಿಯಲ್ಲಿ ಮಗ್ಗ ನಡೆಸುವ ಬೀಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೀರೆಗಳನ್ನು ಉದ್ರಿ ಕೊಟ್ಟ ಮೇಲೆ ಕೊಂಡವನ ಅಂಗಡಿ ಮುಚ್ಚಿದರೆ ನೇಕಾರನ ಮನೆಯಲ್ಲಿ ಏನಾಗುವುದೆಂಬುದು ಅವರಿಗೆ ಗೊತ್ತು. ಆದ್ದರಿಂದ ವೈತೀಶ್ವರನ್ ಅವರನ್ನು ಹುತಾತ್ಮರೆನ್ನಲು ನಾನು ಸಿದ್ಧನಿಲ್ಲ. ಆದರೂ ಅವರ ಬಗ್ಗೆ ನನಗೆ ಗೌರವವಿದೆ. 2017ರಲ್ಲಿ ಅವರು ‘ಫೇಲಿಂಗ್ ಟು ಸಕ್ಸೀಡ್’ ಎಂಬ ಇಂಗ್ಲಿಷ್ ಪುಸ್ತಕದಲ್ಲಿ ಈ ಕಥೆಯನ್ನು ತಾವೇ ಬರೆದರು. ಗೆದ್ದ ಉದ್ಯಮಿಗಳ ಚರಿತ್ರೆಗಳು ಬೇಕಾದಷ್ಟಿವೆ. ಸೋತವರು ತಮ್ಮ ಸೋಲನ್ನು ಬರೆದಿಡುವುದು ಅಪರೂಪ.

ಉಳಿದವರ ಕಥೆ ನಿಮಗೆ ತಿಳಿದೇ ಇದೆ. ಸುಧಾಕರ್, ಹರಿ ಮೆನನ್ ಮೊದಲಾದ ಹಳೆಯ ಜೊತೆಗಾರರು 2011ರಲ್ಲಿ ‘ಬಿಗ್‌ಬಾಸ್ಕೆಟ್’ ಆರಂಭಿಸಿ, ಹಿಂದೆ ಕೈಗೂಡದ ದಿನಸಿ ವ್ಯಾಪಾರವನ್ನೇ ಮತ್ತೆ ಹಿಡಿದರು; 2021ರಲ್ಲಿ ಟಾಟಾ ಸಮೂಹ ಅದರ ಹೆಚ್ಚಿನ ಪಾಲನ್ನು ಕೊಂಡಿತು. ಫ್ಲಿಪ್‌ಕಾರ್ಟಿನ ಶೇ. 77ರಷ್ಟು ಪಾಲಿಗೆ ಅಮೆರಿಕದ ವಾಲ್‌ಮಾರ್ಟ್ 2018ರಲ್ಲಿ 1,600 ಕೋಟಿ ಡಾಲರ್ ಕೊಟ್ಟಿತು. ವೈತೀಶ್ವರನ್ ಪಾನೀಯಗಳ ಹೊಸ ಸಂಸ್ಥೆಯೊಂದನ್ನು ಕಟ್ಟಿದರು. ಅದಕ್ಕೆ ಇಟ್ಟ ಹೆಸರು ‘ಅಗೇನ್’.