ನೋಷಾಕ್‌ಗೆ ಆಫ್ಘನ್ನರ ದಾರಿ

1960ರ ಆಗಸ್ಟ್ 17ರಂದು ಜಪಾನಿನ ಗೊರೊ ಇವಾತ್ಸುಬೊ ಮತ್ತು ತೋಷಿಯಾಕಿ ಸಕಾಯ್ ನೋಷಾಕ್ ಶಿಖರದ ನೆತ್ತಿ ಮುಟ್ಟಿದರು. 7,492 ಮೀಟರ್ ಎತ್ತರದ ನೋಷಾಕ್ ಅಫ್ಘಾನಿಸ್ತಾನದ ಅತಿ ಎತ್ತರದ ಶಿಖರ. ಇಡೀ ಹಿಂದೂಕುಷ್ ಸಾಲಿನಲ್ಲಿ ಇದನ್ನು ಮೀರಿಸಿರುವುದು ಪಾಕಿಸ್ತಾನದ ತಿರಿಚ್ ಮೀರ್ ಮಾತ್ರ. ಅಫ್ಘಾನಿಸ್ತಾನದ ನೆಲದಲ್ಲೇ ಹುಟ್ಟಿದವರು ನೋಷಾಕ್‌ನ ನೆತ್ತಿಯನ್ನು ತಲುಪಿದ್ದು 2009ರಲ್ಲಿ. ಎವರೆಸ್ಟ್ ಅನ್ನು ಮೊದಲ ಬಾರಿ ಏರಿದ ಇಬ್ಬರಲ್ಲಿ ಆ ಬೆಟ್ಟಸೀಮೆಯವರೇ ಆದ ತೇನ್‌ಸಿಂಗ್ ನೋರ್ಗೆ ಒಬ್ಬರಾಗಿದ್ದರು. ನೋಷಾಕ್‌ನ ಮಕ್ಕಳು 49 ವರ್ಷ ಕಾಯಬೇಕಾಯಿತು.

ಬೆಟ್ಟ ಹತ್ತುವ ಕಸುವು ಅವರಲ್ಲಿ ಇರಲಿಲ್ಲ ಎಂದಲ್ಲ. ಬದಖ್‌ಶಾನ್ ಪ್ರಾಂತ್ಯದ ವಾಖಾನ್ ಸೀಮೆಯಲ್ಲಿ ಹಳ್ಳಿಗಳೇ ಮೂರು ಸಾವಿರ ಮೀಟರ್ ಆಸುಪಾಸಿನಲ್ಲಿವೆ. ಕುರಿ ಮೇಯಿಸುತ್ತ ಅದಕ್ಕೂ ಮೇಲೆ ಹೋಗುವುದು ವಾಖಿ ಜನರ ದಿನನಿತ್ಯದ ಬದುಕು. ಅರವತ್ತು ಎಪ್ಪತ್ತರ ದಶಕಗಳಲ್ಲಿ ಯುರೋಪಿನಿಂದ ತಂಡದ ಮೇಲೆ ತಂಡ ಬಂದಾಗ ಹೊರೆ ಹೊತ್ತವರು ಇವರೇ. ಆಗ ಹಿಂದೂಕುಷ್ ಬಹು ಬೇಡಿಕೆಯ ತಾಣ. ಪೋಲೆಂಡಿನವರಿಗಂತೂ ಎರಡನೆಯ ತವರು. 1973ರ ಫೆಬ್ರವರಿಯಲ್ಲಿ ಆಂದ್ರೇ ಜವಾಡಾ ಮತ್ತು ತದೇವುಷ್ ಪಿಯೋತ್ರೋವ್ಸ್ಕಿ ನಡುಚಳಿಗಾಲದಲ್ಲಿ ನೋಷಾಕ್ ಏರಿದರು. ಏಳು ಸಾವಿರ ಮೀಟರ್ ದಾಟಿದ ಶಿಖರವೊಂದನ್ನು ಚಳಿಗಾಲದಲ್ಲಿ ಹತ್ತಿದ್ದು ಜಗತ್ತಿನಲ್ಲಿ ಅದೇ ಮೊದಲು. ಪರ್ವತಾರೋಹಣದ ಚರಿತ್ರೆಯಲ್ಲಿ ಈ ಹೆಸರುಗಳೆಲ್ಲ ಗೌರವದಿಂದ ದಾಖಲಾಗಿವೆ. ಹೊರೆಯಾಳುಗಳ ಹೆಸರು ಹುಡುಕಿದರೂ ಸಿಗುವುದು ಕಷ್ಟ. ಇದು ನನ್ನನ್ನು ನೋಯಿಸುತ್ತದೆ.

1978ರಲ್ಲಿ ಕಾಬೂಲಿನಲ್ಲಿ ಸೇನಾ ಕ್ಷಿಪ್ರಕ್ರಾಂತಿ ನಡೆಯಿತು, ಮರುವರ್ಷ ಡಿಸೆಂಬರ್‌ನಲ್ಲಿ ಸೋವಿಯತ್ ಪಡೆಗಳು ಬಂದವು. ಆರೋಹಿಗಳ ಹಾದಿ ಮುಚ್ಚಿತು. ಮುಂದಿನ ಯುದ್ಧಗಳಲ್ಲಿ, ನೋಷಾಕ್‌ಗೆ ಹೊರಡುವ ಕಾಜಿ ದೇಹ್ ಕಣಿವೆಯಲ್ಲಿ ನೆಲಬಾಂಬ್‌ಗಳನ್ನು ಹುಗಿದರು. ಹಿಮಕುಸಿತ, ಬಿರುಗಾಳಿ, ಉಸಿರು ಸಾಲದ ಎತ್ತರ ಇವೆಲ್ಲ ಯಾವ ಶಿಖರದಲ್ಲೂ ಇರುವ ಅಪಾಯ. ಇಲ್ಲಿ ಬೇಸ್ ಕ್ಯಾಂಪ್ ತಲುಪುವ ಮೊದಲೇ, ಊರ ಪಕ್ಕದ ದಾರಿಯಲ್ಲೇ ಕಾಲು ಕಳೆದುಕೊಳ್ಳುವ ಭಯ. 2003ರಲ್ಲಿ ಕಾರ್ಲೊ ಆಲ್ಬರ್ಟೊ ಪಿನೆಲ್ಲಿ ನೇತೃತ್ವದ ಇಟಲಿ ತಂಡ ಶಿಖರಕ್ಕೆ ಮತ್ತೆ ಬಂದ ಮೇಲಷ್ಟೇ ದಾರಿ ತೆರೆದುಕೊಂಡಿತು.

ಆರು ವರ್ಷಗಳ ನಂತರ ಫ್ರೆಂಚ್ ಗೆಳೆಯರ ನೆರವಿನಿಂದ ವಾಖಾನಿನ ನಾಲ್ವರು ಸಜ್ಜಾದರು. ಆಲ್ಪ್ಸ್‌ನ ಷಾಮೊನಿಗೆ ಹೋಗಿ ಹಗ್ಗ, ಹಿಮಗೊಡಲಿ, ಕ್ರ್ಯಾಂಪಾನ್ ಬಳಸುವುದನ್ನು ಕಲಿತು ಬಂದರು. ಮೈಯಲ್ಲಿ ಮೊದಲೇ ಇದ್ದ ಬಲಕ್ಕೆ ಕೊರತೆಯಾಗಿದ್ದುದು ಈ ತಾಂತ್ರಿಕ ವಿದ್ಯೆ ಮತ್ತು ಅದಕ್ಕೆ ಬೇಕಾದ ಹಣ, ಇಷ್ಟೇ. 2009ರ ಜುಲೈ 19ರಂದು ಮಲಂಗ್ ದರಿಯಾ ಮತ್ತು ಅಮ್ರುದ್ದೀನ್ ಸಂಜರ್ ತುದಿ ತಲುಪಿದರು. ಈ ಶಿಖರದ ಕಥೆಯಲ್ಲಿ ಅತಿ ದೊಡ್ಡ ದಿನ ಯಾವುದೆಂದು ಕೇಳಿದರೆ, ಜವಾಡಾರ ಚಳಿಗಾಲದ ಸಾಹಸಕ್ಕಿಂತ ಮೇಲೆ ನಾನು ಈ ದಿನವನ್ನೇ ಇಡುತ್ತೇನೆ.

ಆಮೇಲಿನ ಅಧ್ಯಾಯ ಹೆಣ್ಣುಮಕ್ಕಳದು. ಅಮೆರಿಕದ ಮರೀನಾ ಲಗ್ರೀ ಕಟ್ಟಿದ 'ಅಸೆಂಡ್' ಸಂಸ್ಥೆ ಕಾಬೂಲಿನ ಯುವತಿಯರಿಗೆ ಪರ್ವತಾರೋಹಣ ಕಲಿಸತೊಡಗಿತು. ವಾಖಿಗಳಿಗೆ ಬೆಟ್ಟವೇ ಮನೆಯಂಗಳ. ಇವರು ಬೀದಿಯಲ್ಲಿ ಓಡಿದರೂ ನಿಂದನೆ ಕೇಳಬೇಕಿದ್ದ ನಗರದ ಹುಡುಗಿಯರು. ಬದಖ್‌ಶಾನಿನ ರಸ್ತೆಗಳಲ್ಲಿ ತಾಲಿಬಾನ್ ಹಿಡಿತ ಬಿಗಿಯಾಗುತ್ತಿದ್ದ ಕಾಲವದು. ಆದರೂ 2018ರ ಆಗಸ್ಟ್ 10ರಂದು ಹನೀಫಾ ಯೂಸೂಫಿ ನೋಷಾಕ್ ಏರಿದ ಮೊದಲ ಆಫ್ಘನ್ ಮಹಿಳೆಯಾದರು. 2020ರ ಆಗಸ್ಟ್‌ನಲ್ಲಿ ಒಂಬತ್ತು ಮಂದಿಯ ಆಫ್ಘನ್ ತಂಡವೊಂದು ಹೊರಟಿತು. ಅದರಲ್ಲಿ ಮೂವರು ಯುವತಿಯರು. ಅವರಲ್ಲಿ ಶಿಖರ ಮುಟ್ಟಿದ ಫಾತಿಮಾ ಸುಲ್ತಾನಿಗೆ ಆಗ 18 ವರ್ಷ. ಅರವತ್ತು ವರ್ಷಗಳ ಹಿಂದೆ ಪರದೇಶಿಗಳ ಸಾಹಸವಾಗಿ ಶುರುವಾದದ್ದು ಕೊನೆಗೂ ಸ್ವಂತ ನೆಲದ ಕ್ರೀಡೆಯಾಗುವ ಹಂತಕ್ಕೆ ಬಂದಿತ್ತು.

ಸರಿಯಾಗಿ ಒಂದು ವರ್ಷಕ್ಕೆ, 2021ರ ಆಗಸ್ಟ್ 15ರಂದು, ಕಾಬೂಲ್ ತಾಲಿಬಾನ್ ವಶವಾಯಿತು. ಅಸೆಂಡ್‌ನ ಹುಡುಗಿಯರಲ್ಲಿ ಅನೇಕರು ದೇಶ ಬಿಟ್ಟರು. 2022ರ ನವೆಂಬರ್‌ನಲ್ಲಿ ಮಹಿಳೆಯರಿಗೆ ಉದ್ಯಾನ ಮತ್ತು ಜಿಮ್‌ಗಳ ಪ್ರವೇಶ ನಿಷೇಧಿಸಲಾಯಿತು. ಮರುವರ್ಷ ಬಂದ್-ಎ-ಅಮೀರ್ ರಾಷ್ಟ್ರೀಯ ಉದ್ಯಾನದ ಬಾಗಿಲೂ ಮುಚ್ಚಿತು. ವಿದೇಶಿ ಪ್ರವಾಸಿಗರಿಗೆ ಮಾತ್ರ ಇಂದಿನ ಸರ್ಕಾರ ವೀಸಾ ಕೊಟ್ಟು ಸ್ವಾಗತಿಸುತ್ತಿದೆ. ಯುದ್ಧ ನಿಂತಿತು ಎನ್ನುತ್ತಾರೆ, ದಾರಿಗಳು ಮೊದಲಿಗಿಂತ ಸುರಕ್ಷಿತ ಎನ್ನುತ್ತಾರೆ. ಫಾತಿಮಾಳಷ್ಟೇ ವಯಸ್ಸಿನ ಕಾಬೂಲಿನ ಹುಡುಗಿಗೆ ಇಂದು ನೋಷಾಕ್ ಹಾಗಿರಲಿ, ಮನೆ ಹತ್ತಿರದ ಪಾರ್ಕಿಗೂ ಪ್ರವೇಶವಿಲ್ಲ.