ಧರಣಿ: ಬಾಕಿ ಕೇಳುವವರ ಮಾತು

ಪತ್ರಿಕೆಯ ಜಿಲ್ಲಾ ಪುಟ ತೆರೆದರೆ ದಿನಕ್ಕೊಂದಾದರೂ ಧರಣಿ ಕಣ್ಣಿಗೆ ಬೀಳುತ್ತದೆ. ಅಹೋರಾತ್ರಿ ಧರಣಿ, ಅನಿರ್ದಿಷ್ಟಾವಧಿ ಧರಣಿ, ಸಾಂಕೇತಿಕ ಧರಣಿ, ಸದನದ ಬಾವಿಗಿಳಿದು ಧರಣಿ. ತಹಶೀಲ್ದಾರರು ಬಂದು ಮನವಿ ಸ್ವೀಕರಿಸಿ ಭರವಸೆ ಕೊಟ್ಟ ಮೇಲೆ ‘ಧರಣಿ ಹಿಂಪಡೆಯಲಾಯಿತು’ ಎಂಬಲ್ಲಿಗೆ ಸುದ್ದಿ ಮುಗಿಯುತ್ತದೆ. ಬಳಸಿ ಬಳಸಿ ಸವೆದಿರುವ ಈ ಪದದೊಳಗೆ ಒಂದು ಹಳೆಯ ಕಸುವಿದೆ. ಸರ್ಕಾರದ ಭ್ರಷ್ಟಾಚಾರದ ವಿರುದ್ಧ ಜನ ಕೂತಾಗಲೆಲ್ಲ ಅದು ಕೆಲಸ ಮಾಡಿದ್ದೂ ಉಂಟು, ಕೈಕೊಟ್ಟದ್ದೂ ಉಂಟು. ಯಾವಾಗ ಮಾಡಿತು, ಯಾವಾಗ ಕೈಕೊಟ್ಟಿತು ಎಂಬುದಕ್ಕೆ ಪದದ ಚರಿತ್ರೆಯಲ್ಲೇ ಉತ್ತರವಿದೆ ಎಂದು ನನಗೆ ಅನಿಸುತ್ತದೆ.

ಹಳಗನ್ನಡ ಕಾವ್ಯ ಓದಿದವರಿಗೆ ಧರಣಿ ಎಂದರೆ ಭೂಮಿ. ಅದನ್ನು ಆಳುವವನು ಧರಣಿಪ, ಧರಣೀಪತಿ. ನಾವು ‘ಕೂರುವ’ ಧರಣಿ ಬಂದದ್ದು ಬೇರೆ ದಾರಿಯಿಂದ. ಹಿಂದಿಯಲ್ಲಿ ಅದು ಧರನಾ, ಮರಾಠಿಯಲ್ಲಿ ಧರಣೇ. ಕನ್ನಡಕ್ಕೆ ಬಂದಾಗ ಮೊದಲೇ ಪರಿಚಿತವಾಗಿದ್ದ ಧರಣಿಯ ರೂಪದಲ್ಲೇ ನಿಂತಿತು. ಕೂರುವುದು ನೆಲದ ಮೇಲೆಯೇ ಆದ್ದರಿಂದ ಎರಡನ್ನೂ ಒಂದೇ ಪದವೆಂದು ತಿಳಿಯುವುದು ಸಹಜ. ಬೇರು ಒಂದೇ ಎಂಬುದು ನಿಜ: ಸಂಸ್ಕೃತದ ‘ಧೃ’, ಹಿಡಿ ಎಂಬ ಧಾತು. ಭೂಮಿ ಎಲ್ಲವನ್ನೂ ಹೊತ್ತು ಹಿಡಿದಿದೆ. ಧರಣಿ ಕೂತವರು ಪಟ್ಟು ಹಿಡಿದಿದ್ದಾರೆ.

ಇದೇ ಧಾತುವಿಗೆ ಇನ್ನೊಂದು ಅರ್ಥವಿದೆ, ಅದನ್ನು ಬಲ್ಲವರು ಕಡಿಮೆ. ‘ದೇವದತ್ತನಿಗೆ ನೂರು ಕೊಡಬೇಕಿದೆ’ ಎನ್ನಲು ಸಂಸ್ಕೃತದಲ್ಲಿ ಬಳಸುವ ಕ್ರಿಯಾಪದ ‘ಧಾರಯತಿ’. ಇಲ್ಲಿ ಸಾಲ ಕೊಟ್ಟವನಿಗೆ ಚತುರ್ಥೀ ವಿಭಕ್ತಿ ಬರಬೇಕೆಂದು ಹೇಳಲು ಪಾಣಿನಿ ಒಂದು ಪ್ರತ್ಯೇಕ ಸೂತ್ರವನ್ನೇ ಮಾಡಿದ್ದಾನೆ. ಸಾಲ ಕೊಟ್ಟವನು ಉತ್ತಮರ್ಣ, ತೆಗೆದುಕೊಂಡವನು ಅಧಮರ್ಣ. ಇನ್ನೊಬ್ಬರ ದುಡ್ಡನ್ನು ಹಿಡಿದಿಟ್ಟುಕೊಂಡವನೂ ‘ಧೃ’, ಅದಕ್ಕಾಗಿ ಬಾಗಿಲು ಹಿಡಿದು ಕೂತವನೂ ‘ಧೃ’.

ಧರಣಿ ಹುಟ್ಟಿದ್ದು ಆ ಬಾಗಿಲಲ್ಲೇ. ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ ಇದರ ಒಂದು ಬಗೆಯನ್ನು ಬರೆದಿಟ್ಟಿದ್ದಾನೆ. ಸಾಲ ಕೊಟ್ಟವನು ಸಾಲಗಾರನ ಸುತ್ತ ನೆಲದ ಮೇಲೆ ಒಂದು ಗೆರೆ ಎಳೆದರೆ ಸಾಕು, ಬಾಕಿ ತೀರಿಸುವ ತನಕ ಅವನು ಅದನ್ನು ದಾಟುವಂತಿಲ್ಲ. ಒಮ್ಮೆ ರಾಜನೇ ಒಬ್ಬ ಪರದೇಶಿ ವ್ಯಾಪಾರಿಗೆ ಹಣ ಕೊಡದೆ ಸತಾಯಿಸುತ್ತಿದ್ದ. ಅವನು ಕುದುರೆಯೇರಿ ಹೋಗುತ್ತಿದ್ದಾಗ ವ್ಯಾಪಾರಿ ಕುದುರೆಯ ಸುತ್ತಲೇ ಗೆರೆ ಎಳೆದನಂತೆ. ಹಣ ಸಲ್ಲುವವರೆಗೆ ರಾಜ ಅಲ್ಲಿಂದ ಕದಲಲಿಲ್ಲ. ಧರಣೀಪತಿಯೂ ಬಾಕಿದಾರನೇ ಎಂದು ಒಪ್ಪಿಕೊಂಡಿದ್ದ ನಾಡು ಅದು.

ಕಾಶಿಯಲ್ಲಿ ಇದು ಇನ್ನೂ ಉಗ್ರವಾಗಿತ್ತು. ಗವರ್ನರ್ ಜನರಲ್ ಆಗಿದ್ದ ಜಾನ್ ಶೋರ್ ಬರೆದಿರುವಂತೆ, ಬ್ರಾಹ್ಮಣ ಕೈಯಲ್ಲಿ ವಿಷವನ್ನೋ ಕಠಾರಿಯನ್ನೋ ಹಿಡಿದು ಬಾಗಿಲಲ್ಲಿ ಕೂರುತ್ತಿದ್ದ. ಅವನು ಉಣ್ಣುವುದಿಲ್ಲ, ಆದ್ದರಿಂದ ಒಳಗಿರುವವನೂ ಉಣ್ಣುವಂತಿಲ್ಲ. ದಾಟಿ ಹೊರಟರೆ ಬ್ರಹ್ಮಹತ್ಯೆ ತಲೆಗೆ ಬರುತ್ತದೆ. 1795ರಲ್ಲಿ ಕಂಪನಿ ಸರ್ಕಾರ ಕಾಶಿಯ ಈ ಪದ್ಧತಿಯನ್ನು ನಿಷೇಧಿಸಿತು. ಆದರೂ ಮರಾಠಾ ದಂಡುಗಳಲ್ಲಿ ಸಂಬಳ ಬಾಕಿಯಿದ್ದ ಸಿಪಾಯಿಗಳು ದಿವಾನರ ಡೇರೆಯ ಮುಂದೆ ಕೂರುವುದು ನಿಲ್ಲಲಿಲ್ಲ. 1809ರಲ್ಲಿ ಸಿಂಧಿಯಾನ ದಂಡಿನಲ್ಲಿದ್ದ ಬ್ರಾಟನ್ ಎಂಬ ಇಂಗ್ಲಿಷ್ ಅಧಿಕಾರಿಯ ಪತ್ರಗಳಲ್ಲಿ ಅದರ ವರ್ಣನೆಯಿದೆ. 1860ರ ಭಾರತೀಯ ದಂಡ ಸಂಹಿತೆಯ 508ನೇ ಕಲಮಿನಲ್ಲಿ ದೈವಕೋಪದ ಹೆದರಿಕೆ ಹುಟ್ಟಿಸುವ ಅಪರಾಧಕ್ಕೆ ಉದಾಹರಣೆಯಾಗಿ ಕೊಟ್ಟಿದ್ದುದು ಬಾಗಿಲಲ್ಲಿ ಧರಣಿ ಕೂತವನನ್ನೇ.

ನಿಷೇಧಿಸಿದ ಹದಿನೈದೇ ವರ್ಷಕ್ಕೆ ಅದೇ ಕಾಶಿಯಲ್ಲಿ ಪದದ ಬದುಕು ಬದಲಾಯಿತು. 1810ರಲ್ಲಿ ಕಂಪನಿ ಮನೆಗಳ ಮೇಲೆ ತೆರಿಗೆ ಹೇರಿತು. ಡಿಸೆಂಬರ್ ಕೊನೆಯ ಹೊತ್ತಿಗೆ ಊರಿಗೆ ಊರೇ ಅಂಗಡಿ ಮುಚ್ಚಿ ಬಯಲಿಗೆ ಹೋಗಿ ಕೂತಿತು. ಕಮ್ಮಾರರು ಬಂದರು, ಅಂಬಿಗರು ದೋಣಿ ನಿಲ್ಲಿಸಿದರು. ಸಂಸ್ಕಾರ ಮಾಡಿಸುವವರೂ ಕೈಕಟ್ಟಿ ಕೂತದ್ದರಿಂದ ಹೆಣಗಳನ್ನು ಹಾಗೆಯೇ ಗಂಗೆಗೆ ಬಿಡುತ್ತಿದ್ದಾರೆಂದು ಮ್ಯಾಜಿಸ್ಟ್ರೇಟ್ ಮೇಲಿನವರಿಗೆ ಬರೆದ. ಆ ಕಾಗದಪತ್ರಗಳನ್ನು ಇತಿಹಾಸಕಾರ ಧರ್ಮಪಾಲ್ 1971ರಲ್ಲಿ ಪುಸ್ತಕ ಮಾಡಿ ಪ್ರಕಟಿಸಿದರು. ಕೊನೆಗೆ ಸರ್ಕಾರ ತೆರಿಗೆಯನ್ನು ಕೈಬಿಟ್ಟಿತು. ಒಬ್ಬ ಸಾಲಿಗನ ಹಠವಾಗಿದ್ದ ಧರಣಿ ಸರ್ಕಾರದ ಎದುರು ಪ್ರಜೆಗಳೆಲ್ಲ ಸೇರಿ ಹಿಡಿದ ಪಟ್ಟಾದದ್ದು ಇಲ್ಲಿ. ವಿಷ, ಕಠಾರಿ, ಬ್ರಹ್ಮಹತ್ಯೆ ಯಾವುದೂ ಬೇಕಾಗಲಿಲ್ಲ. ಅಷ್ಟು ಜನ ಕೂತದ್ದೇ ಸಾಕಾಯಿತು.

ಗಾಂಧಿಯವರಿಗೆ ಈ ಪದ ಹಿಡಿಸಿರಲಿಲ್ಲ. 1921ರಲ್ಲಿ ಕಲ್ಕತ್ತೆಯ ವಿದ್ಯಾರ್ಥಿಗಳು ದಾರಿಗಡ್ಡ ಕೂತಾಗ ಅವರು ಅದನ್ನು ಹಳೆಯ ಅನಾಗರಿಕತೆಯೆಂದು ಖಂಡಿಸಿ ಬರೆದರು. ಆದರೆ ಕನ್ನಡಿಗರು ‘ಧರಣಿ ಸತ್ಯಾಗ್ರಹ’ ಎಂದು ಎರಡನ್ನೂ ಜೋಡಿಸಿಬಿಟ್ಟಿದ್ದೇವೆ. ಆ ಜೋಡಿ ನನಗೆ ತಪ್ಪೆಂದು ಕಾಣುವುದಿಲ್ಲ.

ಸ್ವಾತಂತ್ರ್ಯದ ನಂತರ ಭ್ರಷ್ಟಾಚಾರದ ವಿರುದ್ಧ ಎದ್ದ ಮೊದಲ ದೊಡ್ಡ ಅಲೆ ಗುಜರಾತಿನ ನವನಿರ್ಮಾಣ ಚಳವಳಿ. ಅಹಮದಾಬಾದಿನ ಎಂಜಿನಿಯರಿಂಗ್ ಕಾಲೇಜೊಂದರ ಹಾಸ್ಟೆಲಿನ ಊಟದ ದರ ಏರಿದ್ದರಿಂದ ಹೊತ್ತಿಕೊಂಡ ಸಿಟ್ಟು 1974ರ ಫೆಬ್ರುವರಿ 9ರಂದು ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲರ ರಾಜೀನಾಮೆಗೆ ತಲುಪಿತು. ವಿಧಾನಸಭೆಯೂ ವಿಸರ್ಜನೆಯಾಯಿತು. 1990ರಲ್ಲಿ ಅದೇ ಚಿಮನ್‌ಭಾಯಿ ಮತ್ತೆ ಮುಖ್ಯಮಂತ್ರಿಯಾದರು. ಸಿಟ್ಟು ಕುರ್ಚಿಯನ್ನು ಖಾಲಿ ಮಾಡಿಸಿತು, ಲೆಕ್ಕವನ್ನು ಯಾರೂ ಚುಕ್ತಾ ಮಾಡಿಸಲಿಲ್ಲ.

ಲೆಕ್ಕ ಕೇಳಿದವರು ರಾಜಸ್ಥಾನದವರು. ರಾಜಸಮಂದ್ ಜಿಲ್ಲೆಯ ದೇವಡೂಂಗರಿ ಎಂಬ ಹಳ್ಳಿಯಲ್ಲಿ ನೆಲೆಸಿದ್ದ ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಅವರು ಕೂಲಿಕಾರರ ಜೊತೆ ಸೇರಿ 1990ರ ಮೇ 1ರಂದು ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಕಟ್ಟಿದರು. ಬರಗಾಲದ ಕಾಮಗಾರಿಯಲ್ಲಿ ಮಣ್ಣು ಹೊತ್ತವರಿಗೆ ಪೂರ್ತಿ ಕೂಲಿ ಸಿಗುತ್ತಿರಲಿಲ್ಲ. ಯಾಕೆಂದು ಕೇಳಿದರೆ ದಾಖಲೆಯಲ್ಲಿ ನೀವು ಅಷ್ಟು ಕೆಲಸ ಮಾಡಿಲ್ಲ ಎಂಬ ಉತ್ತರ. ದಾಖಲೆ ತೋರಿಸಿ ಎಂದರೆ ಅದು ಸರ್ಕಾರದ ಗುಟ್ಟು. 1994ರ ಡಿಸೆಂಬರ್ 2ರಂದು ಕೋಟ್ ಕಿರಾನಾ ಎಂಬಲ್ಲಿ ಹೇಗೋ ಸಿಕ್ಕ ಹಾಜರಿ ಪಟ್ಟಿ, ಬಿಲ್ಲು, ವೋಚರುಗಳನ್ನು ಜನರೆದುರು ಗಟ್ಟಿಯಾಗಿ ಓದಿದರು. ಹೆಸರು ಓದಿದಂತೆ ಅವರವರೇ ಎದ್ದು ತಾನು ಆ ಕೆಲಸಕ್ಕೆ ಹೋಗಿಯೇ ಇಲ್ಲ ಎಂದರು. ತೀರಿಹೋದವರ ಹೆಸರಿನಲ್ಲೂ ಕೂಲಿ ಬಿದ್ದಿತ್ತು. ಭ್ರಷ್ಟಾಚಾರ ಎಂಬ ದೊಡ್ಡ ಮಾತು ಅಂದು ಇಂಥವನ ಇಷ್ಟು ದಿನದ ಇಷ್ಟು ರೂಪಾಯಿಗೆ ಇಳಿಯಿತು.

1995ರ ಏಪ್ರಿಲಿನಲ್ಲಿ ಮುಖ್ಯಮಂತ್ರಿ ಭೈರೋನ್ ಸಿಂಗ್ ಶೆಖಾವತ್ ಪಂಚಾಯಿತಿ ದಾಖಲೆಗಳ ನಕಲು ಕೊಡುತ್ತೇವೆಂದು ಸದನದಲ್ಲಿ ಮಾತು ಕೊಟ್ಟರು. ವರ್ಷ ಕಳೆದರೂ ಆದೇಶ ಬರಲಿಲ್ಲ. ಮುಖ್ಯಮಂತ್ರಿಯ ಮಾತೂ ಈಗ ಬಾಕಿಯ ಪಟ್ಟಿಗೆ ಸೇರಿತು. 1996ರ ಏಪ್ರಿಲ್ 6ರಂದು ಬ್ಯಾವರ್ ಪಟ್ಟಣದ ಚಾಂಗ್ ಗೇಟ್ ಬಳಿ ಧರಣಿ ಶುರುವಾಯಿತು, ನಲವತ್ತು ದಿನ ನಡೆಯಿತು. ಹಳ್ಳಿಯ ಮನೆಗಳಿಂದ ಧಾನ್ಯ ಬಂತು, ಪೇಟೆಯವರು ತರಕಾರಿ ಕೊಟ್ಟರು. ಹಾಡು, ಗೊಂಬೆಯಾಟ, ಭಾಷಣ ಎಲ್ಲ ಅಲ್ಲೇ. ನಮ್ಮ ದುಡ್ಡು, ನಮ್ಮ ಲೆಕ್ಕ ಎಂಬುದು ಅವರ ಘೋಷಣೆಯ ಸಾರ. ಹತ್ತು ರೂಪಾಯಿ ಕೊಟ್ಟು ಮಗನನ್ನು ಪೇಟೆಗೆ ಕಳಿಸಿದರೆ ಬಂದ ಮೇಲೆ ಲೆಕ್ಕ ಕೇಳುತ್ತೇನೆ, ನನ್ನ ಹೆಸರಿನಲ್ಲಿ ಕೋಟಿ ಖರ್ಚು ಮಾಡುವ ಸರ್ಕಾರವನ್ನು ಕೇಳಬಾರದೇ ಎಂಬರ್ಥದ ಮಾತನ್ನು ಸಂಘಟನೆಯ ಒಬ್ಬ ಹೆಣ್ಣುಮಗಳು ಪತ್ರಕರ್ತರ ಮುಂದೆ ಆಡಿದ್ದಳು. ಪಾಣಿನಿಯ ಉತ್ತಮರ್ಣ ಅವಳೇ. ಮರುವರ್ಷ ಜೈಪುರದಲ್ಲಿ ಮತ್ತೆ ಐವತ್ಮೂರು ದಿನ ಕೂತರು. 2000ದಲ್ಲಿ ರಾಜಸ್ಥಾನದ ಕಾಯ್ದೆ ಬಂತು, 2005ರಲ್ಲಿ ಇಡೀ ದೇಶಕ್ಕೆ ಮಾಹಿತಿ ಹಕ್ಕು ಬಂತು.

ನಮ್ಮಲ್ಲೂ ಒಂದು ದೊಡ್ಡ ಧರಣಿ ಆಯಿತು. 2010ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ವಿರುದ್ಧ ವಿರೋಧ ಪಕ್ಷಗಳು ವಿಧಾನಸೌಧದೊಳಗೆ ಅಹೋರಾತ್ರಿ ಧರಣಿ ಕೂತವು, ಕಾಂಗ್ರೆಸ್ ಬಳ್ಳಾರಿಗೆ ಪಾದಯಾತ್ರೆ ಹೊರಟಿತು. ಆದರೆ ಮುಖ್ಯಮಂತ್ರಿಯ ಕುರ್ಚಿ ಅಲುಗಿದ್ದು ಮರುವರ್ಷ, ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದಾಗ. ಬೊಕ್ಕಸಕ್ಕೆ 16 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ನಷ್ಟವೆಂದು ಲೆಕ್ಕ ಹಾಕಿ, ಹೆಸರು ಹೆಸರಾಗಿ ಬರೆದ ವರದಿ ಅದು. ಜುಲೈ 27ಕ್ಕೆ ಸಲ್ಲಿಕೆಯಾಯಿತು, 31ಕ್ಕೆ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. 2013ರಲ್ಲಿ ಪಾದಯಾತ್ರೆಯವರೇ ಅಧಿಕಾರಕ್ಕೆ ಬಂದರು. 2016ರಲ್ಲಿ ಅದೇ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ಕಟ್ಟಿ ಲೋಕಾಯುಕ್ತ ಪೊಲೀಸರ ಅಧಿಕಾರ ಕಿತ್ತುಕೊಂಡಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟು ಆ ದಳವನ್ನು ರದ್ದು ಮಾಡಬೇಕಾಯಿತು. ಇದು ನನಗೆ ಇಂದಿಗೂ ನೋವಿನ ಸಂಗತಿ. ಧರಣಿ ಕೂತ ರಾಜಕಾರಣಿಗೆ ಸೇರಬೇಕಾದ ಬಾಕಿ ಅಧಿಕಾರವೊಂದೇ ಆಗಿದ್ದರೆ, ಅದು ಕೈಗೆ ಬಂದ ದಿನ ಅವನ ಧರಣಿ ಮುಗಿಯುತ್ತದೆ.

ದಿಲ್ಲಿಯದ್ದೂ ಅಷ್ಟೇ. 2011ರಲ್ಲಿ ಅಣ್ಣಾ ಹಜಾರೆಯವರ ಉಪವಾಸಕ್ಕೆ ದೇಶವೇ ಎದ್ದಿತು, ಆ ಚಳವಳಿಯಿಂದ ಪಕ್ಷವೊಂದು ಹುಟ್ಟಿ ದಿಲ್ಲಿಯನ್ನು ಆಳಿತು. ಲೋಕಪಾಲ ಮಸೂದೆ 2013ರಲ್ಲಿ ಪಾಸಾಯಿತು, ಮೊದಲ ಲೋಕಪಾಲರು ಬಂದದ್ದು 2019ರ ಮಾರ್ಚ್‌ನಲ್ಲಿ.

ಈ ನಡುವೆ ಧರಣಿಯಿಂದ ಬಾಗಿಲೇ ಕಳಚಿಹೋಗಿದೆ. ಬೆಂಗಳೂರಿನಲ್ಲಿ ಪ್ರತಿಭಟನೆ ಎಂದರೆ ಈಗ ಫ್ರೀಡಂ ಪಾರ್ಕ್ ಒಂದೇ. 2021ರ ಆದೇಶ ಹಾಗೆ ಹೇಳುತ್ತದೆ, ಹೈಕೋರ್ಟೂ ಅದನ್ನು ಪಾಲಿಸಿ ಎಂದಿದೆ. ಅದು ಹಳೆಯ ಸೆಂಟ್ರಲ್ ಜೈಲು, ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇದ್ದ ಜಾಗ. ಊರಿನ ಸಂಚಾರಕ್ಕೆ ತೊಂದರೆಯಾಗಬಾರದು ಎಂಬುದು ಒಪ್ಪುವ ಮಾತೇ. ಆದರೆ ಅಲ್ಲಿ ಕೂತವರ ಎದುರಿಗೆ ಬಾಕಿದಾರನ ಬಾಗಿಲಿಲ್ಲ. ಅವರನ್ನು ದಾಟದೆಯೇ ಮಂತ್ರಿಗಳು ಮನೆಗೆ ಹೋಗಬಹುದು, ಉಣ್ಣಬಹುದು.

ಹೀಗಿರುವಾಗ ಬಾಗಿಲಿನ ಕೆಲಸವನ್ನು ದಾಖಲೆಯೇ ಮಾಡಬೇಕು, ಅದಕ್ಕೂ ಈಗ ಕುತ್ತು ಬಂದಿದೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ತಿದ್ದಿದೆ. ವೈಯಕ್ತಿಕ ಮಾಹಿತಿಯನ್ನೂ ಸಾರ್ವಜನಿಕ ಹಿತಕ್ಕಾಗಿ ಕೊಡಬಹುದು ಎಂದು ಅಲ್ಲಿದ್ದ ಮಾತು ಬಿದ್ದುಹೋಗಿದೆ. ಬೇರೊಂದು ಉಪಕಲಮಿನಲ್ಲಿ ಅಂಥ ಅವಕಾಶ ಉಳಿದಿದೆ ಎಂದು ಸರ್ಕಾರ ಹೇಳುತ್ತದೆ. ಆದರೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ನೋಡುವ ಅಧಿಕಾರಿಗೆ ‘ವೈಯಕ್ತಿಕ’ ಎಂಬ ಒಂದು ಪದ ಬರೆದು ವಾಪಸು ಕಳಿಸುವುದು ಸುಲಭವಾಗಿದೆ. ಹಾಜರಿ ಪಟ್ಟಿಯಲ್ಲಿರುವುದು ಹೆಸರುಗಳೇ. ಹೆಸರಿಗೆ ಮಸಿ ಬಳಿದು ಕೊಟ್ಟರೆ ಸತ್ತವರ ಕೂಲಿಯನ್ನು ಪತ್ತೆ ಮಾಡುವುದು ಹೇಗೆ? ಕೋಟ್ ಕಿರಾನಾದಲ್ಲಿ ಎದ್ದು ನಿಂತವರು ಎದ್ದದ್ದು ತಮ್ಮ ಹೆಸರು ಕೇಳಿ. ಆ ತಿದ್ದುಪಡಿಯನ್ನು ತೆಗೆಯಿರಿ ಎಂದು ಮಾಹಿತಿ ಹಕ್ಕಿನ ಕಾರ್ಯಕರ್ತರು ಪಟ್ಟು ಹಿಡಿದಿದ್ದಾರೆ, ಅವರೊಳಗೆ ಬ್ಯಾವರಿನಲ್ಲಿ ಕೂತಿದ್ದವರೂ ಇದ್ದಾರೆ.